ಕನ್ನಡ ಮೀಡಿಯಂನಿಂದ ಬಂದು ಇಂಗ್ಲಿಷ್ ಸಾಹಿತ್ಯದ ಡಿಗ್ರಿ ಓದುವುದು ಹೇಗೆ?

ಪಿಯು ರಿಸಲ್ಟ್ ಬಂದ ವಾರದಿಂದ ಶುರುವಾಗುತ್ತದೆ. "ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ, ಬಿಎಗೆ ಇಂಗ್ಲಿಷ್ ತಗೋಬಹುದಾ?" "ಇಂಗ್ಲಿಷ್ ಮಾತಾಡೋಕೆ ಬರಲ್ಲ, ಆದ್ರೂ ಆಗುತ್ತಾ?" "ಷೇಕ್ಸ್‌ಪಿಯರ್ ತಲೆಗೇ ಹೋಗಲ್ಲ, ಯಾವ ಗೈಡ್ ಒಳ್ಳೇದು?" ಪ್ರತಿ ವರ್ಷ ಇವೇ ಮೂರು ಪ್ರಶ್ನೆ. ಮೊದಲೆರಡಕ್ಕೆ ಉತ್ತರ: ಹೌದು, ಆಗುತ್ತದೆ. ಮೂರನೆಯದಕ್ಕೆ ಉತ್ತರ ಸ್ವಲ್ಪ ಉದ್ದ. ಈ ಲೇಖನದ ಅರ್ಧ ಭಾಗ ಅದೇ.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಿಬಿಡುತ್ತೇನೆ. ಇದು ಸ್ಪೋಕನ್ ಇಂಗ್ಲಿಷ್ ಕೋರ್ಸ್ ಅಲ್ಲ. ಕೂತು ಕಥೆ, ಕವಿತೆ, ನಾಟಕ ಓದುವ, ಓದಿದ್ದರ ಬಗ್ಗೆ ಯೋಚಿಸಿ ಬರೆಯುವ ಕೋರ್ಸ್. ಮಾತಾಡುವ ಇಂಗ್ಲಿಷ್ ಅದರ ಜೊತೆಗೇ ಬೆಳೆಯುತ್ತದೆ, ಆದರೆ ನಿಮಗೆ ಬೇಕಿರುವುದು ಅದಷ್ಟೇ ಆದರೆ ಇದಕ್ಕಿಂತ ಹತ್ತಿರದ ದಾರಿಗಳಿವೆ. ಅದೇ, ಕನ್ನಡದ ಒಂದು ಒಳ್ಳೆಯ ಕಾದಂಬರಿ ಹಿಡಿದರೆ ಊಟ ಮರೆಯುವವರು ನೀವಾಗಿದ್ದರೆ, ಬೇಕಾದ ಬಂಡವಾಳದಲ್ಲಿ ಅರ್ಧ ಈಗಾಗಲೇ ನಿಮ್ಮ ಕೈಲಿದೆ. ಬಿಎಂಶ್ರೀ, ಗೋಪಾಲಕೃಷ್ಣ ಅಡಿಗ, ಅನಂತಮೂರ್ತಿ, ಲಂಕೇಶ್ ಇವರೆಲ್ಲ ಕಾಲೇಜಿನಲ್ಲಿ ಪಾಠ ಹೇಳಿದ್ದು ಇಂಗ್ಲಿಷನ್ನೇ.

1. ಯಾವ ಇಂಗ್ಲಿಷ್ ಅಂತ ಖಚಿತ ಮಾಡಿಕೊಳ್ಳಿ

ನಮ್ಮ ಡಿಗ್ರಿಯಲ್ಲಿ ಎರಡು ಇಂಗ್ಲಿಷ್ ಇವೆ. ಒಂದು ಜನರಲ್ ಇಂಗ್ಲಿಷ್. ಇದು ಭಾಷಾ ವಿಷಯ, ಬಿಕಾಂನವರೂ ಬಿಎಸ್ಸಿಯವರೂ ಓದುತ್ತಾರೆ. ಇನ್ನೊಂದು ಆಪ್ಷನಲ್ ಇಂಗ್ಲಿಷ್, ಅಂದರೆ ಐಚ್ಛಿಕ ಇಂಗ್ಲಿಷ್. ಈಚೆಗೆ ಮೇಜರ್ ಅಂತಲೂ ಕರೆಯುತ್ತಾರೆ. ಸಾಹಿತ್ಯದ ಓದು ಇರುವುದು ಈ ಎರಡನೆಯದರಲ್ಲಿ. ಮೊದಲನೆಯದನ್ನು ಓದಿ "ನಾನೂ ಇಂಗ್ಲಿಷ್ ಓದಿದ್ದೇನೆ" ಅಂತ ಎಂಎಗೆ ಅರ್ಜಿ ಹಾಕಲು ಹೋಗಿ ವಾಪಸ್ ಬಂದವರಿದ್ದಾರೆ.

ಇನ್ನೊಂದು ಗುಂಡಿ ನೋಡಿ. ಕಾಂಬಿನೇಷನ್ ಹೆಸರುಗಳನ್ನು ಅಕ್ಷರಗಳಲ್ಲಿ ಬರೆದಿರುತ್ತಾರೆ. ಎಚ್‌ಇಪಿಯಲ್ಲಿರುವ "ಇ" ಎಕನಾಮಿಕ್ಸ್, ಇಂಗ್ಲಿಷ್ ಅಲ್ಲ! ಅಡ್ಮಿಷನ್ ಕೌಂಟರ್‌ನಲ್ಲಿ ಬಾಯಿಬಿಟ್ಟು ಕೇಳಿ: "ಇಲ್ಲಿ ಐಚ್ಛಿಕ ಇಂಗ್ಲಿಷ್ ಇದೆಯಾ? ಯಾವ ವಿಷಯಗಳ ಜೊತೆ?" ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ಇದ್ದ ಕಡೆಯೂ ವಿದ್ಯಾರ್ಥಿಗಳು ಕಡಿಮೆಯಾದರೆ ಆ ವರ್ಷ ತರಗತಿ ನಡೆಸದೇ ಇರಬಹುದು. ಅದನ್ನೂ ಕೇಳಿ.

ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ವ್ಯವಸ್ಥೆಯನ್ನು ಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದ್ದಾರೆ. ಹಾಗಾಗಿ ಸೀನಿಯರ್ ಅಕ್ಕ ಹೇಳಿದ ಪಠ್ಯ ನಿಮಗೆ ಇರಲಿಕ್ಕಿಲ್ಲ. ಪುಸ್ತಕ ಕೊಳ್ಳುವ ಮುಂಚೆ ನಿಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ನಿಮ್ಮ ಬ್ಯಾಚಿನ ಸಿಲಬಸ್ ಇಳಿಸಿಕೊಳ್ಳಿ. ಧಾರವಾಡದ್ದು ಬೇರೆ, ಮೈಸೂರಿನದು ಬೇರೆ, ಮಂಗಳೂರಿನದು ಬೇರೆ.

ಹೊರಗೆ ಹೋಗುವ ಆಸೆ ಇದ್ದವರಿಗೆ ದೆಹಲಿ ವಿಶ್ವವಿದ್ಯಾಲಯದ ಇಂಗ್ಲಿಷ್ ಆನರ್ಸ್‌ನಂಥ ಕೋರ್ಸುಗಳಿವೆ. ಆನರ್ಸ್ ಎಂದರೆ ಒಂದೇ ವಿಷಯವನ್ನು ಮುಖ್ಯವಾಗಿಟ್ಟುಕೊಂಡು ಆಳವಾಗಿ ಓದುವುದು. ಇದಕ್ಕೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಸಾಮಾನ್ಯವಾಗಿ ಪಿಯು ರಿಸಲ್ಟ್ ಬರುವಷ್ಟರಲ್ಲಿ ಇದರ ಅರ್ಜಿಯ ದಿನ ಮುಗಿದಿರುತ್ತದೆ, ಆದ್ದರಿಂದ ಸೆಕೆಂಡ್ ಪಿಯು ಓದುತ್ತಿರುವಾಗಲೇ ಜನವರಿಯಿಂದ ಕಣ್ಣಿಡಿ. ಕೆಲಸ ಮಾಡುತ್ತಾ ಓದುವವರಿಗೆ ಇಗ್ನೋದಲ್ಲಿ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಇಂಗ್ಲಿಷ್ ಆನರ್ಸ್ ಇದೆ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಾದರೆ ಐಚ್ಛಿಕ ಇಂಗ್ಲಿಷ್ ಯಾವ ಕಾಂಬಿನೇಷನ್‌ನಲ್ಲಿದೆ ಅಂತ ಮೊದಲು ವಿಚಾರಿಸಿ.

2. ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಒಂದು ಒಳ್ಳೆಯ ಇಂಗ್ಲಿಷ್-ಇಂಗ್ಲಿಷ್ ಲರ್ನರ್ಸ್ ಡಿಕ್ಷನರಿ, ಅಂದರೆ ಭಾಷೆ ಕಲಿಯುವವರಿಗೆಂದೇ ಸರಳ ಮಾತಿನಲ್ಲಿ ಅರ್ಥ ಬರೆದ ನಿಘಂಟು. ಅದರ ಪಕ್ಕಕ್ಕೆ ಒಂದು ಇಂಗ್ಲಿಷ್-ಕನ್ನಡ ನಿಘಂಟು. ಮೈಸೂರು ವಿಶ್ವವಿದ್ಯಾಲಯದ್ದು ಅಥವಾ ಜಿ. ವೆಂಕಟಸುಬ್ಬಯ್ಯನವರದು ಸಿಕ್ಕರೆ ಒಳ್ಳೆಯದು. ಒಂದು ದಪ್ಪ ನೋಟ್‌ಬುಕ್. ಒಂದು ಪೆನ್ಸಿಲ್. ಪೆನ್ಸಿಲ್ ಇಲ್ಲದೆ ಕವಿತೆ ಓದಬೇಡಿ.

ಹಳೆಯ ಪಠ್ಯಗಳಿಗೆ ದುಡ್ಡು ಹಾಕಲೇಬೇಕೆಂದಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಲಿಬ್ರಿವಾಕ್ಸ್‌ನಲ್ಲಿ ಅವನ್ನೇ ಯಾರಾದರೂ ಓದಿ ರೆಕಾರ್ಡ್ ಮಾಡಿರುತ್ತಾರೆ. ಕಿವಿಗೆ ಇಯರ್‌ಫೋನ್, ಕೈಲಿ ಪುಸ್ತಕ ಹಿಡಿದು ಒಟ್ಟಿಗೆ ಓದಿದರೆ ಉಚ್ಚಾರಣೆಯೂ ಸರಿಯಾಗುತ್ತದೆ. ಇಗ್ನೋದ ಪಾಠಗಳು ಇ-ಜ್ಞಾನಕೋಶ ತಾಣದಲ್ಲಿ ಎಲ್ಲರಿಗೂ ತೆರೆದಿವೆ. ರೆಗ್ಯುಲರ್ ಕಾಲೇಜಿನವರೂ ನೋಡಿ, ಬಜಾರಿನ ನೋಟ್ಸ್‌ಗಿಂತ ಎಷ್ಟೋ ಪಾಲು ವಾಸಿ. ಷೇಕ್ಸ್‌ಪಿಯರ್ ಮಾತ್ರ ಅಡಿಟಿಪ್ಪಣಿ ಇರುವ ಪ್ರತಿಯನ್ನೇ ಕೊಳ್ಳಿ. ಬೆಂಗಳೂರಿನವರಾದರೆ ಅವೆನ್ಯೂ ರೋಡಿನಲ್ಲಿ ಹಳೆ ಪ್ರತಿಗಳನ್ನು ಹುಡುಕಬಹುದು.

3. ಕಾಲದ ದಾರ ಎಳೆದುಕೊಳ್ಳಿ

ಇಂಗ್ಲಿಷ್ ಸಾಹಿತ್ಯ ಚರಿತ್ರೆ ಎಂಬ ಪೇಪರ್ ಎಲ್ಲರನ್ನೂ ಹೆದರಿಸುತ್ತದೆ. ಎಲಿಜಬೆತನ್, ರೆಸ್ಟೊರೇಷನ್, ರೊಮ್ಯಾಂಟಿಕ್, ವಿಕ್ಟೋರಿಯನ್ ಅಂತ ಹೆಸರುಗಳು ತಲೆಯಲ್ಲಿ ಕಲಸುಮೇಲೋಗರ ಆಗುತ್ತವೆ. ಇಸವಿಗಳಿಗೆ ಅಂಟಿಕೊಳ್ಳಲು ಏನೂ ಇಲ್ಲದಿರುವುದೇ ತೊಂದರೆ. ನಮಗೆ ಗೊತ್ತಿರುವ ಚರಿತ್ರೆಗೆ ಗಂಟು ಹಾಕಿದರೆ ನಿಲ್ಲುತ್ತವೆ.

ನೋಟ್‌ಬುಕ್ಕಿನ ಎರಡು ಪುಟ ಬಿಚ್ಚಿ ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಮೇಲೆ ಅವರದು, ಕೆಳಗೆ ನಮ್ಮದು. ಪಂಪ ತನ್ನ ಭಾರತ ಬರೆದದ್ದು 941ರಲ್ಲಿ. ವಚನಕಾರರು 12ನೇ ಶತಮಾನ. ಅವರಿಗಿಂತ ಸುಮಾರು ಇನ್ನೂರು ವರ್ಷ ಈಚೆಗೆ ಇಂಗ್ಲಿಷ್ ಕವಿ ಚಾಸರ್, ತೀರಿಕೊಂಡದ್ದು 1400ರಲ್ಲಿ. ಷೇಕ್ಸ್‌ಪಿಯರ್ ಹುಟ್ಟಿದ್ದು 1564. ಮರುವರ್ಷವೇ ತಾಳಿಕೋಟೆ ಯುದ್ಧ, ವಿಜಯನಗರ ಬಿದ್ದದ್ದು. ಇನ್ನು ಮರೆಯುತ್ತೀರಾ? 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಗಿ ಲಂಡನ್ನಿನ ನಾಟಕಶಾಲೆಗಳನ್ನು ಮುಚ್ಚಿಸಿದರು, ಆಮೇಲೆ ರಾಜಪದವಿಯೇ ಹೋಯಿತು. 1660ರಲ್ಲಿ ರಾಜ ವಾಪಸ್ ಬಂದ, ನಾಟಕವೂ ವಾಪಸ್ ಬಂತು. ರೆಸ್ಟೊರೇಷನ್ ಅಂದರೆ ಇಷ್ಟೇ, ರಾಜಮನೆತನದ ಮರುಸ್ಥಾಪನೆ. ರೊಮ್ಯಾಂಟಿಕ್ ಕವಿಗಳಾದ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸೇರಿ ಲಿರಿಕಲ್ ಬ್ಯಾಲಡ್ಸ್ ಎಂಬ ಕವನ ಸಂಕಲನ ತಂದದ್ದು 1798. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿದ್ದ. (ಆ ಮುತ್ತಿಗೆಯಿಂದಲೇ ಶುರುವಾಗುವ ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿಯೂ ಇದೆ. ವಿಲ್ಕಿ ಕಾಲಿನ್ಸ್‌ನ ದಿ ಮೂನ್‌ಸ್ಟೋನ್, 1868. ಸಿಲಬಸ್ಸಿನಲ್ಲಿ ಇಲ್ಲದಿದ್ದರೂ ಓದಿ, ಮಜವಾಗಿದೆ.) ವಿಕ್ಟೋರಿಯಾ ಪಟ್ಟಕ್ಕೆ ಬಂದ 1837 ನಮ್ಮ ಅಮರ ಸುಳ್ಯ ದಂಗೆಯ ವರ್ಷ. 1922 ಅನ್ನು ಬೇರೆಯಾಗಿ ಕೆಂಪು ಶಾಯಿಯಲ್ಲಿ ಬರೆಯಿರಿ. ಎಲಿಯಟ್‌ನ ಕವಿತೆ ದಿ ವೇಸ್ಟ್ ಲ್ಯಾಂಡ್ ಮತ್ತು ಜಾಯ್ಸ್‌ನ ಕಾದಂಬರಿ ಯುಲಿಸಿಸ್ ಎರಡೂ ಪುಸ್ತಕವಾಗಿ ಬಂದ ವರ್ಷ ಅದು.

ಗೆರೆ ಇಂಗ್ಲೆಂಡಿನಲ್ಲೇ ಮುಗಿಯುವುದಿಲ್ಲ. ಹಾಸನದಲ್ಲಿ ಹುಟ್ಟಿದ ರಾಜಾರಾವ್ ಅವರ ಇಂಗ್ಲಿಷ್ ಕಾದಂಬರಿ ಕಾಂತಾಪುರ ಬಂದದ್ದು 1938. ನೈಜೀರಿಯಾದ ಅಚೆಬೆಯ ಥಿಂಗ್ಸ್ ಫಾಲ್ ಅಪಾರ್ಟ್, ಮೈಸೂರಿನ ಆರ್. ಕೆ. ನಾರಾಯಣರ ದಿ ಗೈಡ್ ಎರಡೂ ಕಾದಂಬರಿಗಳು 1958. ನಮ್ಮ ರಾಜ್ಯ ಒಂದಾಗಿ ಎರಡು ವರ್ಷ ಆಗಿತ್ತು ಆಗ.

4. ಪಠ್ಯವನ್ನೇ ಓದಿ, ಮೂರು ಸಲ

ಈಗ ಗೈಡಿನ ವಿಷಯ. ಇಲ್ಲಿ ಗೈಡ್ ಅಂದರೆ ಪರೀಕ್ಷೆಗೆ ಮುಂಚೆ ಅಂಗಡಿಯಲ್ಲಿ ಸಿಗುವ ಪ್ರಶ್ನೋತ್ತರದ ಪುಸ್ತಕ. ಎರಡನೇ ವರ್ಷದಲ್ಲಿ ನಾನೂ ಒಂದನ್ನು ನಂಬಿದ್ದೆ. ಅದರಲ್ಲಿ ಎರಡು ಪಾತ್ರಗಳ ಹೆಸರು ಅದಲು ಬದಲಾಗಿತ್ತು. ಅರ್ಧ ಕ್ಲಾಸು ಅದೇ ತಪ್ಪನ್ನು ಬರೆದು ಬಂದಿದ್ದೆವು. ತಪ್ಪಿಲ್ಲದ ಗೈಡ್ ಇದ್ದರೂ ನನ್ನ ಮಾತು ಬದಲಾಗುವುದಿಲ್ಲ. ಕವಿತೆಯ ಬದಲು ಕವಿತೆಯ ಸಾರಾಂಶ ಓದುವುದು ಮದುವೆ ಮನೆಗೆ ಹೋಗಿ ಮೆನು ಓದಿಕೊಂಡು ಬಂದ ಹಾಗೆ.

ಬೇಕಾಗಿರುವುದು ಕ್ಲೋಸ್ ರೀಡಿಂಗ್. ಅಂದರೆ ಪದ ಪದಕ್ಕೂ ನಿಂತು, "ಇಲ್ಲಿ ಈ ಪದವೇ ಯಾಕೆ?" ಅಂತ ಕೇಳಿಕೊಂಡು ಓದುವುದು. ಷೇಕ್ಸ್‌ಪಿಯರನ 154 ಸಾನೆಟ್‌ಗಳಲ್ಲಿ 18ನೆಯದು ತುಂಬ ಸಿಲಬಸ್‌ಗಳಲ್ಲಿ ಕಾಣಿಸುತ್ತದೆ, ಅದನ್ನೇ ತೆಗೆದುಕೊಳ್ಳೋಣ. ಸಾನೆಟ್ ಎಂದರೆ ಹದಿನಾಲ್ಕು ಸಾಲಿನ ಕವಿತೆ, ಕನ್ನಡದಲ್ಲಿ ಸುನೀತ. ನಿನ್ನನ್ನು ಬೇಸಿಗೆಯ ಒಂದು ದಿನಕ್ಕೆ ಹೋಲಿಸಲೇ ಅಂತ ಕೇಳುತ್ತಾ ಶುರುವಾಗುತ್ತದೆ.

ಮೊದಲ ಓದು: ನಿಘಂಟು ಮುಚ್ಚಿಡಿ. ಗಟ್ಟಿಯಾಗಿ ಎರಡು ಸಲ ಓದಿ. ಅರ್ಥವಾಗದಿದ್ದರೆ ಆಗದಿರಲಿ. ಯಾರೋ ಯಾರನ್ನೋ ಹೊಗಳುತ್ತಿದ್ದಾರೆ ಎಂದು ಗೊತ್ತಾದರೆ ಸಾಕು.

ಎರಡನೇ ಓದು: ಈಗ ನಿಘಂಟು ತೆಗೆಯಿರಿ. ಪ್ರತಿ ಸಾಲಿನ ತಾತ್ಪರ್ಯವನ್ನು ಕನ್ನಡದಲ್ಲೇ ಪಕ್ಕದಲ್ಲಿ ಬರೆಯಿರಿ. ನಾಚಿಕೆ ಬೇಡ. ಅರ್ಥವಾಗಿದೆಯೋ ಇಲ್ಲವೋ ಅಂತ ನಿಮಗೆ ನೀವೇ ಪರೀಕ್ಷೆ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಇಂಗ್ಲಿಷಿನಲ್ಲಿ ಓದಿದಾಗ ಗೊತ್ತಾದ ಹಾಗೆ ಅನ್ನಿಸಿ ಜಾರಿಹೋಗುವ ಸಾಲು ಕನ್ನಡಕ್ಕೆ ತರುವಾಗ ಸಿಕ್ಕಿಬೀಳುತ್ತದೆ.

ಇಲ್ಲೊಂದು ಎಚ್ಚರಿಕೆ. ಕಲಬುರ್ಗಿಯ ಬೇಸಿಗೆ ನೆನೆಸಿಕೊಂಡರೆ ಈ ಕವಿತೆ ಬೈಗುಳದ ಹಾಗೆ ಕೇಳುತ್ತದೆ, ಅಲ್ವಾ? ಇಂಗ್ಲೆಂಡಿನಲ್ಲಿ ಜನ ಕಾದು ಕೂರುವ ಹಿತವಾದ ಕಾಲ ಅದು. ಕವಿತೆಯಲ್ಲಿ ಬರುವ ಮೇ ತಿಂಗಳು ಅಲ್ಲಿ ಮೊಗ್ಗು ಬಿಡುವ ಕಾಲ. ಋತು, ಹೂವು, ಹಕ್ಕಿ ಬಂದಾಗೆಲ್ಲ ಅದು ಅಲ್ಲಿ ಹೇಗಿರುತ್ತದೆ ಅಂತ ಹುಡುಕಿ ನೋಡಿ.

ಮೂರನೇ ಓದು: ಪ್ರಶ್ನೆ ಕೇಳಿ. ಎರಡನೇ ಸಾಲಿನಲ್ಲಿ "ಟೆಂಪರೇಟ್" ಅಂತಿದೆ. ಹವೆಗೆ ಹೇಳಿದರೆ ಹಿತವಾದದ್ದು, ಮನುಷ್ಯರಿಗೆ ಹೇಳಿದರೆ ಹದ ತಪ್ಪದ ಸ್ವಭಾವದವರು. ಒಂದೇ ಪದ ಎರಡು ಕಡೆಗೂ ಸಲ್ಲುತ್ತಿದೆ. ನಾಲ್ಕನೇ ಸಾಲಿನಲ್ಲಿ "ಲೀಸ್" ಅಂತಿದೆ. ಮನೆ ಲೀಸಿಗಿದೆ ಅಂತೀವಲ್ಲ, ಅದೇ ಲೀಸ್! ಬೇಸಿಗೆ ಸ್ವಂತ ಮನೆಯಲ್ಲಿಲ್ಲ, ಅವಧಿ ಮುಗಿದರೆ ಖಾಲಿ ಮಾಡಬೇಕು. ಹೊಗಳಿಕೆಯ ಕವಿತೆಯೊಳಗೆ ಕಾಗದಪತ್ರದ ಈ ಪದ ಯಾಕೆ ಬಂತು? ಒಂಬತ್ತನೇ ಸಾಲು "ಆದರೆ" ಅಂತ ಶುರುವಾಗುತ್ತದೆ. ಸಾನೆಟ್ಟಿನಲ್ಲಿ ಮಾತು ಹೀಗೆ ಹೊರಳುವ ಜಾಗಕ್ಕೆ ವೋಲ್ಟಾ ಅನ್ನುತ್ತಾರೆ, ಅಂದರೆ ತಿರುವು. ಕೊನೆಗೆ, ಈ ಕವಿತೆ ಇರುವವರೆಗೆ ನೀನೂ ಇರುತ್ತೀ ಅನ್ನುತ್ತಾನೆ. ಈಗ ಹಿಂದಕ್ಕೆ ಹೋಗಿ ನೋಡಿ: ಹೊಗಳಿಸಿಕೊಂಡವರ ಕಣ್ಣು ಹೇಗಿದೆ, ಕೂದಲು ಹೇಗಿದೆ, ಒಂದನ್ನೂ ಹೇಳಿಲ್ಲ. ಹಾಗಾದರೆ ಹೊಗಳಿಕೆ ನಿಜವಾಗಿ ಯಾರಿಗೆ? ಆ ವ್ಯಕ್ತಿಗೋ, ಕವಿತೆಗೋ? ಈ ಪ್ರಶ್ನೆ ನಿಮಗೆ ಬಂದಿದ್ದರೆ ನೀವು ಸಾಹಿತ್ಯದ ವಿದ್ಯಾರ್ಥಿ ಆದಿರಿ.

ಕಾದಂಬರಿಗೆ ಮೂರು ಸಲ ಆಗುವುದಿಲ್ಲ, ನಿಜ. ಲೆಕ್ಕ ಹಾಕಿ ಓದಿ. ಡಿಕನ್ಸ್‌ನ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್‌ನಲ್ಲಿ 59 ಅಧ್ಯಾಯಗಳಿವೆ. ದಿನಕ್ಕೆ ಎರಡು ಓದಿದರೆ ಒಂದು ತಿಂಗಳು. 1860-61ರಲ್ಲಿ ಅದು ಬಂದದ್ದೂ ವಾರಪತ್ರಿಕೆಯಲ್ಲಿ, ನಮ್ಮ ಸುಧಾ, ತರಂಗದ ಧಾರಾವಾಹಿಯ ಹಾಗೆ ಕಂತು ಕಂತಾಗಿ. ಪ್ರತಿ ಅಧ್ಯಾಯ ಮುಗಿದ ಮೇಲೆ ಎರಡು ಸಾಲು ಬರೆದಿಡಿ: ಏನಾಯಿತು, ಯಾರು ಬದಲಾದರು. ಪರೀಕ್ಷೆಯ ಹಿಂದಿನ ದಿನ ಈ ಎರಡು ಸಾಲುಗಳೇ ನಿಮ್ಮ ಸ್ವಂತ ಗೈಡ್.

ನಾಟಕವನ್ನು ಒಬ್ಬರೇ ಮೌನವಾಗಿ ಓದಬೇಡಿ. ನಾಲ್ಕು ಜನ ಗೆಳೆಯರು ಪಾತ್ರ ಹಂಚಿಕೊಂಡು ಓದಿ. ಆಯ್ಕೆ ನಿಮ್ಮದೇ ಆದರೆ ಮ್ಯಾಕ್‌ಬೆತ್‌ನಿಂದ ಶುರು ಮಾಡಿ, ಷೇಕ್ಸ್‌ಪಿಯರನ ದುರಂತ ನಾಟಕಗಳಲ್ಲಿ ಅದೇ ಚಿಕ್ಕದು. ಕನ್ನಡ ಅನುವಾದ ಪಕ್ಕದಲ್ಲಿಟ್ಟುಕೊಳ್ಳಬಹುದು, ಆದರೆ ಅನುವಾದಕ್ಕೂ ರೂಪಾಂತರಕ್ಕೂ ವ್ಯತ್ಯಾಸ ತಿಳಿದಿರಲಿ. ಕುವೆಂಪು ಅವರ ರಕ್ತಾಕ್ಷಿ ಹ್ಯಾಮ್ಲೆಟ್‌ನ ರೂಪಾಂತರ, ಅದು ನಡೆಯುವುದು ಬಿದನೂರಿನಲ್ಲಿ. ಅದನ್ನು ಓದಿ ಹ್ಯಾಮ್ಲೆಟ್ ಉತ್ತರ ಬರೆದರೆ ಕಥೆ ಮುಗಿದ ಹಾಗೆ.

5. ಪರಿಭಾಷೆಗೆ ಹೆದರಬೇಡಿ

ಐದಾರು ಪದ ಗೊತ್ತಾದರೆ ಮೊದಲ ವರ್ಷ ದಾಟುತ್ತದೆ. ಬ್ಲ್ಯಾಂಕ್ ವರ್ಸ್ ಎಂದರೆ ಪ್ರಾಸವಿಲ್ಲದ, ಆದರೆ ಲಯ ಇರುವ ಸಾಲು. ನಮ್ಮ ಸರಳ ರಗಳೆ ಇದಕ್ಕೆ ಹತ್ತಿರದ್ದು. ಡ್ರಮ್ಯಾಟಿಕ್ ಮಾನಲಾಗ್ ಎಂದರೆ ಒಂದೇ ಪಾತ್ರ ಎದುರಿಗಿರುವ ಯಾರಿಗೋ ಮಾತಾಡುತ್ತಾ ತನಗೆ ಗೊತ್ತಿಲ್ಲದೆಯೇ ತನ್ನ ಗುಟ್ಟು ಬಿಟ್ಟುಕೊಡುವ ಕವಿತೆ. ವಿಕ್ಟೋರಿಯನ್ ಕವಿ ಬ್ರೌನಿಂಗ್ ಇದರಲ್ಲಿ ಪಳಗಿದ ಕೈ. ಐರನಿ ಎಂದರೆ ಹೇಳಿದ್ದು ಒಂದು, ಆಗುತ್ತಿರುವುದು ಇನ್ನೊಂದು.

ಎಲ್ಲರೂ ಎಡವುವುದು ಛಂದಸ್ಸಿನಲ್ಲಿ. ಹೈಸ್ಕೂಲಿನಲ್ಲಿ ಲಘು ಗುರು ಹಾಕಿ ಅಭ್ಯಾಸವಾಗಿರುತ್ತದೆ, ಅದನ್ನೇ ಇಂಗ್ಲಿಷಿಗೂ ಹಾಕಲು ಹೋಗುತ್ತೇವೆ. ನಮ್ಮಲ್ಲಿ ಎಣಿಸುವುದು ಅಕ್ಷರ ಹೇಳಲು ಹಿಡಿಯುವ ಕಾಲವನ್ನು. ಇಂಗ್ಲಿಷಿನಲ್ಲಿ ಎಣಿಸುವುದು ಒತ್ತನ್ನು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳುತ್ತೇವೆ ಅನ್ನುವುದನ್ನು. "ರೆಕಾರ್ಡ್" ನಾಮಪದವಾದರೆ "ರೆ" ಮೇಲೆ ಒತ್ತು, ಕ್ರಿಯಾಪದವಾದರೆ "ಕಾರ್ಡ್" ಮೇಲೆ. ನಿಘಂಟಿನಲ್ಲಿ ಒತ್ತು ಬೀಳುವ ಭಾಗದ ಮುಂದೆ ಮೇಲ್ಗಡೆ ಒಂದು ಪುಟ್ಟ ಗೀಟು ಇರುತ್ತದೆ, ನೋಡಿ. ಐಯಾಂಬಿಕ್ ಪೆಂಟಾಮೀಟರ್ ಅನ್ನುವ ಭಾರೀ ಹೆಸರಿನ ಅರ್ಥ ಇಷ್ಟೇ: ಒತ್ತಿಲ್ಲದ್ದು, ಒತ್ತಿರುವುದು, ಹೀಗೆ ಐದು ಜೋಡಿ. ಮೇಜು ಕುಟ್ಟುತ್ತಾ ಓದಿ, ಸಿಗುತ್ತದೆ.

ಪರಿಭಾಷೆಯನ್ನು ಸುಮ್ನೆ ಉದುರಿಸಬೇಡಿ. "ಇಲ್ಲಿ ರೂಪಕ ಇದೆ" ಅಂತ ಬರೆದು ನಿಲ್ಲಿಸಿದರೆ ಅಂಕ ಬರುವುದಿಲ್ಲ. ಆ ರೂಪಕ ಅಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಹೇಳಬೇಕು.

6. ಉತ್ತರ ಬರೆಯುವುದು

ಸಾನೆಟ್ ಬಗ್ಗೆ ಪ್ರಶ್ನೆ ಬಂದರೆ ಹೆಚ್ಚಿನವರು ಹೀಗೆ ಶುರು ಮಾಡುತ್ತಾರೆ: ಷೇಕ್ಸ್‌ಪಿಯರ್ 1564ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ಜನಿಸಿದ, ಮಹಾನ್ ನಾಟಕಕಾರ, ಇದು ಬಹಳ ಸುಂದರವಾದ ಕವಿತೆ. ಅರ್ಧ ಪುಟ ಮುಗಿಯಿತು, ಪ್ರಶ್ನೆಗೆ ಉತ್ತರ ಮಾತ್ರ ಇನ್ನೂ ಶುರುವಾಗಿಲ್ಲ. ಆಮೇಲೆ ಸಾರಾಂಶ.

ಪ್ರತಿ ಪ್ಯಾರಾದಲ್ಲಿ ಮೂರು ಇರಲಿ. ಒಂದು ಮಾತು, ಅದಕ್ಕೆ ಪಠ್ಯದಿಂದ ಒಂದು ಪದ ಅಥವಾ ಸಾಲು, ಆ ಸಾಲು ನಿಮ್ಮ ಮಾತನ್ನು ಹೇಗೆ ತೋರಿಸುತ್ತದೆ ಅನ್ನುವ ವಿವರಣೆ. ಬೇಸಿಗೆಯ ಚೆಲುವು ತಾತ್ಕಾಲಿಕ ಅನ್ನುವುದು ನಿಮ್ಮ ಮಾತು. "ಲೀಸ್" ಸಾಕ್ಷಿ. ಬಾಡಿಗೆಯ ವಸ್ತು ವಾಪಸ್ ಕೊಡಬೇಕಾದದ್ದು ಅನ್ನುವುದು ವಿವರಣೆ. ಈ ಮೂರನೆಯದನ್ನೇ ನಮ್ಮವರು ಬಿಡುವುದು. ಅಂಕ ಇರುವುದು ಅಲ್ಲೇ.

ಭಾಷೆಯ ಬಗ್ಗೆ ಕೆಲವು ಮಾತು. ಕನ್ನಡದಲ್ಲಿ ಯೋಚಿಸಿ, ತಪ್ಪೇನಿಲ್ಲ, ಆದರೆ ವಾಕ್ಯವನ್ನು ಪದಕ್ಕೆ ಪದ ಇಂಗ್ಲಿಷಿಗೆ ಎಳೆಯಬೇಡಿ. ಚಿಕ್ಕ ವಾಕ್ಯ ಬರೆಯಿರಿ. ಹನ್ನೆರಡು ಪದ ದಾಟಿದರೆ ಎರಡು ಮಾಡಿ. ಕಥೆಯೊಳಗೆ ನಡೆಯುವುದನ್ನು ವರ್ತಮಾನ ಕಾಲದಲ್ಲಿ ಬರೆಯುವುದು ಇಂಗ್ಲಿಷ್ ವಿಮರ್ಶೆಯ ರೂಢಿ. ಮ್ಯಾಕ್‌ಬೆತ್ ರಾಜನನ್ನು ಕೊಂದ ಅಂತಲ್ಲ, ಕೊಲ್ಲುತ್ತಾನೆ ಅಂತ. ಪುಸ್ತಕದ ಹೆಸರಿಗೆ ಕೈಬರಹದಲ್ಲಿ ಅಡಿಗೆರೆ ಎಳೆಯಿರಿ, ಬಿಡಿ ಕವಿತೆಯ ಹೆಸರಿಗೆ ಉದ್ಧರಣ ಚಿಹ್ನೆ ಹಾಕಿ. ದೊಡ್ಡ ದೊಡ್ಡ ವಿಶೇಷಣಗಳನ್ನು ಗೈಡಿನಿಂದ ಎತ್ತಿ ತಂದರೆ ಮೌಲ್ಯಮಾಪಕರಿಗೆ ತಕ್ಷಣ ಗೊತ್ತಾಗುತ್ತದೆ. ಅದೇ ಸಾಲನ್ನು ಅವರು ಬೆಳಿಗ್ಗೆಯಿಂದ ಎಷ್ಟು ಸಲ ಓದಿರುತ್ತಾರೋ!

ಮೊಬೈಲಿನ ಎಐ ಆ್ಯಪ್‌ಗಳ ಬಗ್ಗೆಯೂ ಕೇಳುತ್ತೀರಿ. ಗೊತ್ತಿಲ್ಲದ ಪದ ಕೇಳಿಕೊಳ್ಳಿ, ವ್ಯಾಕರಣ ತಿದ್ದಿಸಿಕೊಳ್ಳಿ. ಉಲ್ಲೇಖ ಮಾತ್ರ ಅಲ್ಲಿಂದ ತೆಗೆದುಕೊಳ್ಳಬೇಡಿ. ಕವಿತೆಯಲ್ಲಿ ಇಲ್ಲವೇ ಇಲ್ಲದ ಸಾಲನ್ನು ಧೈರ್ಯವಾಗಿ ಕವಿಯ ಹೆಸರಿಗೆ ಹಚ್ಚಿ ಕೊಡುವುದುಂಟು. ಪಠ್ಯ ತೆರೆದು ಸಾಲು ನೋಡಿ, ಆಮೇಲೆ ಬರೆಯಿರಿ.

7. ಮಾತು

ಕ್ಲಾಸಿನಲ್ಲಿ ಬಾಯಿ ತೆರೆಯಲು ಭಯವಾದರೆ ವಾರಕ್ಕೆ ಒಂದು ಪ್ರಶ್ನೆ ಅಂತ ಗುರಿ ಇಟ್ಟುಕೊಳ್ಳಿ. ಮನೆಯಲ್ಲೇ ಬರೆದುಕೊಂಡು ಹೋಗಿ ಓದಿದರೂ ಆದೀತು. ಕಾನ್ವೆಂಟ್‌ನಿಂದ ಬಂದವರು ಸರಾಗವಾಗಿ ಮಾತಾಡುವುದನ್ನು ನೋಡಿ ಕುಗ್ಗಬೇಡಿ. ಮಾತು ಸರಾಗವಾಗಿರುವುದು ಬೇರೆ, ಪಠ್ಯ ಓದಿರುವುದು ಬೇರೆ. ಎರಡನೇ ಸೆಮಿಸ್ಟರ್ ಹೊತ್ತಿಗೆ ಯಾರು ಓದಿದ್ದಾರೆ ಅಂತ ಎಲ್ಲರಿಗೂ ಗೊತ್ತಾಗಿರುತ್ತದೆ.

8. ಮುಂದಿನ ದಾರಿ

ಹೈಸ್ಕೂಲ್ ಮೇಷ್ಟ್ರು ಅಥವಾ ಟೀಚರ್ ಆಗಬೇಕಾದರೆ ಡಿಗ್ರಿ ಆದಮೇಲೆ ಎರಡು ವರ್ಷದ ಬಿಎಡ್. ಪಿಯು ಕಾಲೇಜಿಗೆ 55% ಅಂಕದ ಎಂಎ ಜೊತೆಗೆ ಬಿಎಡ್. ಡಿಗ್ರಿ ಕಾಲೇಜಿಗೆ 55% ಅಂಕದ ಎಂಎ ಮತ್ತು ನೆಟ್ ಅಥವಾ ಕೆಸೆಟ್. ಮೀಸಲಾತಿ ವರ್ಗಗಳಿಗೆ ಅಂಕದಲ್ಲಿ ರಿಯಾಯಿತಿ ಇದೆ. ನೆಟ್ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ, ಕೆಸೆಟ್ ನಮ್ಮ ರಾಜ್ಯದ್ದು. ಬೋಧನೆ ಬೇಡ ಅನ್ನುವವರು ಅನುವಾದ, ಪ್ರಕಾಶನ, ಪತ್ರಿಕೆ, ಕಂಪನಿಗಳ ಕಂಟೆಂಟ್ ಕೆಲಸಗಳ ಕಡೆ ಹೋಗುತ್ತಾರೆ. ಕನ್ನಡ, ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬರೆಯುವವರು ಕಡಿಮೆ, ಹಾಗಾಗಿ ಅನುವಾದದ ಕೈ ಪಳಗಿಸಿಕೊಂಡರೆ ಓದುತ್ತಿರುವಾಗಲೇ ಚೂರುಪಾರು ಸಂಪಾದನೆ ಆಗುತ್ತದೆ. ಎರಡನೇ ಓದಿನಲ್ಲಿ ಪಕ್ಕದಲ್ಲಿ ಬರೆದ ಆ ಕನ್ನಡ ತಾತ್ಪರ್ಯಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ನೇಮಕಾತಿಯ ಪ್ರಕಟಣೆ ಬಂದಾಗ ವಿದ್ಯಾರ್ಹತೆಯ ಪ್ಯಾರಾವನ್ನು ಪೂರ್ತಿ ಓದಿ. ಐಚ್ಛಿಕ ಇಂಗ್ಲಿಷ್ ಓದಿರಬೇಕೇ, ಎಷ್ಟು ವರ್ಷ ಅಂತ ಅಲ್ಲಿ ಬರೆದಿರುತ್ತಾರೆ. ಪ್ರತಿ ಸೆಮಿಸ್ಟರಿನ ಅಂಕಪಟ್ಟಿ ಬಂದ ದಿನವೇ ವಿಷಯದ ಹೆಸರು ಸರಿಯಾಗಿದೆಯಾ ನೋಡಿ. ಐಚ್ಛಿಕ ಅಂತ ಇರಬೇಕಾದ ಕಡೆ ಬರೀ ಭಾಷಾ ವಿಷಯ ಅಂತ ಬಿದ್ದಿದ್ದರೆ ಆಗಲೇ ಕಾಲೇಜಿನ ಆಫೀಸಿಗೆ ಬರೆದುಕೊಟ್ಟು ಸರಿ ಮಾಡಿಸಿಕೊಳ್ಳಿ, ಅರ್ಜಿಯ ಒಂದು ಪ್ರತಿಗೆ ಸೀಲ್ ಹಾಕಿಸಿ ಇಟ್ಟುಕೊಳ್ಳಿ.